ದೇವರ ಬಲಗಡೆ

ನಮ್ಮ ಕಡೆ ಯಾರನ್ನಾದರೂ ತೀರಾ ಹೊಗಳಿದರೆ ದೃಷ್ಟಿಯಾಗುತ್ತದೆ ಅನ್ನುತ್ತಾರೆ. ಅದಕ್ಕೆ ಸರಸಕ್ಕನ ಕೆಟ್ಟ ಗುಣಗಳನ್ನು ಮೊದಲೇ ಹೇಳಿಬಿಡುತ್ತೇನೆ. ಎಲೆಅಡಿಕೆ ಹಾಕಿಕೊಂಡು ಡೇರಿಯ ಹೊಸ ಸುಣ್ಣದ ಗೋಡೆಗೆ ಉಗಿದವಳು ಅವಳೇ, ಅದೂ ಅಧ್ಯಕ್ಷೆಯಾದ ಮೇಲೆ. ಮೇಲಿನಿಂದ ಬಂದ ಅಧಿಕಾರಿಗಳು ಭಾಷಣ ಶುರು ಮಾಡಿದ ಐದನೇ ನಿಮಿಷಕ್ಕೆ ಗೊರಕೆ ಹೊಡೆಯುತ್ತಾಳೆ. ಹಿಡಿದದ್ದು ಉಡದ ಪಟ್ಟು. ತಪ್ಪು ಅಂತ ಗೊತ್ತಾದರೂ ಒಪ್ಪಿಕೊಳ್ಳುವುದಕ್ಕೆ ಒಂದು ದಿನ ಬೇಕು, ಯಾಕೆಂದರೆ ಮೊದಲು ಅದನ್ನು ದೇವರಿಗೆ ಹೇಳಿ ಬರಬೇಕು.

ನಾನು ಲತಾಮಣಿ, ಹೊಂಗೆಕಟ್ಟೆಪಾಳ್ಯದ ಮಹಿಳಾ ಹಾಲಿನ ಸಂಘದ ಸೆಕ್ರೆಟರಿ. ಕುದೂರಿನಿಂದ ಆಟೋದಲ್ಲಿ ಹದಿನೈದು ನಿಮಿಷ. ಸೆಕ್ರೆಟರಿ ಅನ್ನುವುದು ಹೆಸರಿಗೆ ದೊಡ್ಡದು. ಕೆಲಸ ಮಾತ್ರ ಹಾಲು ಅಳೆಯುವುದು, ಸ್ಯಾಂಪಲ್ ತೆಗೆದು ಮಿಷನ್ನಿಗೆ ಕೊಡುವುದು, ಫ್ಯಾಟ್ ನೋಡಿ ಬರೆಯುವುದು, ಆಮೇಲೆ ಕೂಗುವುದು. ಈ ಕೂಗುವ ಪದ್ಧತಿ ಬೇರೆ ಡೇರಿಗಳಲ್ಲಿಲ್ಲ, ಸರಸಕ್ಕ ತಂದದ್ದು. ಸಾಲು ನಿಲ್ಲುವುದು ನಂಬರಿನ ಕ್ರಮದಲ್ಲಿ. ಸದಸ್ಯೆಯ ನಂಬರು, ಲೀಟರು, ಫ್ಯಾಟು, ಮೂರನ್ನೂ ಸಾಲಿನ ಕೊನೆಯವಳಿಗೆ ಕೇಳುವ ಹಾಗೆ ಕೂಗಬೇಕು. “ಹದಿನಾಲ್ಕು! ಐದೂವರೆ! ನಾಲ್ಕು ಎರಡು!” ಯಾರ ಹಾಲಿನಲ್ಲೂ ಗುಟ್ಟಿರಬಾರದು ಅನ್ನುವುದು ಅವಳ ವಾದ. ನನ್ನ ಗಂಟಲು ಪಕ್ಕದೂರು ಕೆಂಪಾಪುರದ ತನಕ ಕೇಳುತ್ತದೆ ಅಂತ ನನ್ನ ಗಂಡ ಆಡಿಕೊಳ್ಳುತ್ತಾನೆ.

ಸರಸಕ್ಕ ಬೋರೇದೇವರ ಪೂಜಾರಿಯ ಮಗಳು. ಗುಡಿ ಇರುವುದು ಡೇರಿಯ ಎದುರಿಗೇ, ನಡುವೆ ಒಂದು ಹೊಂಗೆಮರ. ಏಳನೇ ಕ್ಲಾಸಿಗೆ ಓದು ನಿಂತಿತು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಗರ್ಭಗುಡಿಯಲ್ಲಿ ಕಲ್ಲು ತೊಳೆಯುವುದು, ಬತ್ತಿ ಹೊಸೆಯುವುದು ಅವಳ ಕೆಲಸವಾಗಿತ್ತು. ಮಂಗಳಾರತಿ ಹೊತ್ತಿಗೆ ಬಾಗಿಲ ತುಂಬ ಜನ ತುಂಬಿ, ಆಚೆ ಬರಲು ದಾರಿಯಿಲ್ಲದೆ, ದೇವರ ಮಗ್ಗುಲಿಗೇ ಒತ್ತಿಕೊಂಡು ನಿಲ್ಲುತ್ತಿದ್ದಳಂತೆ. ನಾವೆಲ್ಲ ದೇವರನ್ನು ನೋಡಿಕೊಂಡು ಬೆಳೆದೆವು. ಅವಳು ದೇವರ ಪಕ್ಕ ನಿಂತು ನಮ್ಮನ್ನು ನೋಡಿಕೊಂಡು ಬೆಳೆದಳು.

“ಅಲ್ಲಿಂದ ನೋಡುದ್ರೆ ಜನ ಹೆಂಗೆ ಕಾಣ್ತಿದ್ರಕ್ಕ?” ಅಂತ ಒಮ್ಮೆ ಕೇಳಿದ್ದೆ.

“ಎಲ್ರೂ ಹೆದ್ರುಕೊಂಡಿರೋರೇ ಕಣಮ್ಮಿ. ಪಟೇಲ್ರೂ ಅಷ್ಟೇಯ, ಕೂಲಿಯೋರೂ ಅಷ್ಟೇಯ. ಮೀಸೆ ತಿರುವದೆಲ್ಲ ಆಚಿಕ್ ಬಂದ್ಮೇಲೆ” ಅಂದಳು.

ಮದುವೆಯೂ ಊರಲ್ಲೇ ಆಯಿತು, ಸೋದರಮಾವನ ಮಗನ ಜೊತೆ. ಅಧ್ಯಕ್ಷೆ ಆದದ್ದೇನು ಆಸೆಪಟ್ಟು ಆದದ್ದಲ್ಲ. ಒಂಬತ್ತು ವರ್ಷದ ಹಿಂದೆ ಊರಿನ ಎರಡು ಗುಂಪು ಕಿತ್ತಾಡಿ, ಎರಡಕ್ಕೂ ಸೇರದವಳು ಇರಲಿ ಅಂತ ಅವಳನ್ನು ಕೂರಿಸಿದರು. ಕೂತ ಮೊದಲನೇ ದಿನವೇ ಅಧ್ಯಕ್ಷೆಯೂ ಸಾಲಿನಲ್ಲೇ ನಿಂತು ಹಾಲು ಹಾಕಬೇಕು ಅಂದಳು, ನಿಂತಳು. ಅವಳದು ಮೂವತ್ತೊಂದನೇ ನಂಬರು.

ದಿನಾ ಬೆಳಿಗ್ಗೆ ಡೇರಿಯ ಬೀಗ ತೆಗೆಯುವ ಮುಂಚೆ ಗುಡಿಯ ಹೊಸಿಲ ಮುಂದೆ ನಿಲ್ಲುತ್ತಾಳೆ. ಐದು ನಿಮಿಷ, ಕೆಲವು ದಿನ ಹತ್ತು. ಬೀಗದಕೈ ಅವಳ ಸೊಂಟದಲ್ಲಿ, ನಾನು ಇತ್ತ ಬಾಗಿಲಲ್ಲಿ. ಹಾಲು ಒಯ್ಯುವ ರೂಟ್ ಲಾರಿ ಏಳಕ್ಕೆ ಬರುತ್ತದೆ. ದೇವರು ಎಲ್ಲಿಗೂ ಹೋಗುವುದಿಲ್ಲ, ಲಾರಿ ಹೋಗುತ್ತದೆ ಅಂತ ಎಷ್ಟೋ ಸಲ ರೇಗಿದ್ದೇನೆ. ಒಂದು ದಿನ ಕೇಳಿಯೇಬಿಟ್ಟೆ.

“ಅಷ್ಟೊತ್ತು ಏನಕ್ಕ ಬೇಡ್ಕೊಳದು?”

“ಬೇಡದಲ್ಲ, ಹೇಳದು. ನೆನ್ನೆ ಏನೇನ್ ಮಾಡ್ದೆ ಅಂತ ಒಪ್ಪುಸ್ತೀನಿ.”

“ಅವನಿಗ್ ಗೊತ್ತಿಲ್ವಾ?”

“ಅವನಿಗ್ ಗೊತ್ತು. ನಂಗ್ ಗೊತ್ತಿರಲ್ಲ. ಬಾಯ್ಬುಟ್ಟು ಹೇಳಕ್ ಹೋದಾಗ ಯಾವ್ದು ಗಂಟ್ಲಲ್ಲಿ ಸಿಕ್ಕಾಕತ್ತದೋ ಅದೇ ನಾನ್ ಮಾಡಿರೋ ತಪ್ಪು.”

ಆಗ ನಾನು ನಕ್ಕಿದ್ದೆ.

ಎರಡು ವರ್ಷದ ಹಿಂದೆ ಮಹ್ವಿಶ್ ಸದಸ್ಯೆಯಾಗಬೇಕು ಅಂತ ಬಂದಳು. ಚನ್ನಪಟ್ಟಣದವಳು, ಅವಳಪ್ಪ ಬೊಂಬೆಗೆ ಬಣ್ಣ ಹಾಕುತ್ತಿದ್ದವರು. ಗಂಡ ತೌಹೀದ್ ಕುದೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಊರಾಚೆ ಮನೆ, ಎರಡು ಹೆಣ್ಣುಮಕ್ಕಳು, ಒಂದೇ ಒಂದು ಸೀಮೆಹಸು. ಕಮಿಟಿಯಲ್ಲಿ ಗುಸುಗುಸು ಶುರುವಾಯಿತು. ಸರಸಕ್ಕ ಎಲೆಅಡಿಕೆ ಅಗಿಯುತ್ತಾ, “ಲತಾ, ನಿನ್ ಮಿಷನ್ನು ಫ್ಯಾಟ್ ತೋರುಸ್ತದೆ, ಡಿಗ್ರಿ ತೋರುಸ್ತದೆ. ಹಸಿನ ಜಾತಿ ತೋರುಸ್ತದಾ?” ಅಂದಳು. ಇಲ್ಲ ಅಂದೆ. “ಹಂಗಾದ್ರೆ ಬರ್ಕೊ” ಅಂದಳು. ಐವತ್ತೆರಡನೇ ನಂಬರು ಕೊಟ್ಟೆ.

ಇನ್ನು ನನ್ನ ವಿಷಯ. ನನಗೆ ಈ ಕೆಲಸ ಕೊಡಿಸಿದ್ದು ವೆಂಕಟಯ್ಯ. ದೂರದ ನೆಂಟಸ್ತಿಕೆಯಲ್ಲಿ ಮಾವನಾಗಬೇಕು. ಎದುರಿಗೆ ಮಾವಾ, ಬನ್ನಿ ಹೋಗಿ ಅನ್ನುತ್ತೇನೆ. ಇಲ್ಲಿ ಬರೆಯುವಾಗ ಏಕವಚನ ಸಾಕು. ಊರಿನ ಯಾವ ನ್ಯಾಯ ಪಂಚಾಯ್ತಿಯಾದರೂ ಜಗಲಿಯ ನಡುವೆ ಕೂರುವ ಮನುಷ್ಯ. ಹೆಂಗಸರ ಸಂಘವಾದದ್ದರಿಂದ ಸದಸ್ಯೆ ಅವನ ಹೆಂಡತಿ ಅಂಕಮ್ಮ, ಏಳನೇ ನಂಬರು. ಹಾಲು ತರುವವನು ಮಾತ್ರ ಅವನೇ, ಸಾಲಿಲ್ಲದೆ, ಏಳರ ಸರದಿಗೆ ಸರಿಯಾಗಿ ಪಕ್ಕದ ಬಾಗಿಲಿನಿಂದ. ಒಂಬತ್ತು ವರ್ಷದಲ್ಲಿ ಸರಸಕ್ಕನಿಗೆ ಅವನನ್ನೊಬ್ಬನನ್ನು ಸಾಲಿಗೆ ನಿಲ್ಲಿಸಲಾಗಲಿಲ್ಲ.

ಹೋದ ಮಾಘಮಾಸದ ಒಂದು ಗುರುವಾರ ಅವನ ಹಸುವಿಗೆ ಕೆಚ್ಚಲು ಬಾವು. ಡಾಕ್ಟರಿಗೆ ಹೇಳಿದರೆ ಔಷಧಿ ಹಾಲಿಗೆ ಇಳಿಯುತ್ತದೆ, ಐದು ದಿನ ಹಾಲು ಹಾಕಬೇಡಿ ಅನ್ನುತ್ತಾರೆ, ಸಂಘದಲ್ಲೂ ಬರೆಸಬೇಕಾಗುತ್ತದೆ. ಅದಕ್ಕೆ ಮೆಡಿಕಲ್ ಅಂಗಡಿಯಿಂದ ಔಷಧಿ ಟ್ಯೂಬು ತಂದು ತಾನೇ ಮೊಲೆಗೆ ಏರಿಸಿದ. ಶುಕ್ರವಾರ ಬೆಳಿಗ್ಗೆ ಪಕ್ಕದ ಬಾಗಿಲಲ್ಲಿ ಕ್ಯಾನು ಇಟ್ಟು, ಮೆತ್ತಗೆ ಹೇಳಿದ.

“ಔಷ್ದಿ ಹಾಕಿದೀನಿ ಕಣಮ್ಮಿ. ಒಸಿ ನೋಡ್ಕೊ. ಅಷ್ಟು ಹಾಲ್ನಲ್ಲಿ ಇದೊಂದು ಎಲ್ ಗೊತ್ತಾಯ್ತದೆ?”

ಬೇಡ ಮಾವ ಅನ್ನಬೇಕಿತ್ತು. ನಾಲಿಗೆ ತುದಿಗೆ ಬಂತು. ಅವನು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ, ಈ ಕೆಲಸ ಯಾರು ಕೊಡಿಸಿದ್ದು ಅಂತ ನೆನಪಿಸುವ ನೋಟ. ನಾನು ಹಾಲು ಸುರಿದುಕೊಂಡೆ. ಪುಸ್ತಕದಲ್ಲಿ ಬರೆದೆ. ಕೂಗಲು ಬಾಯಿ ತೆರೆದೆ, ಸ್ವರ ಬರಲಿಲ್ಲ. ಮುಂದಿನವಳ ಕ್ಯಾನು ಎಳೆದುಕೊಂಡೆ. ಆ ದಿನವೇ ಮಹ್ವಿಶ್ ಕೂಡ ಹಾಲು ತಂದಿದ್ದಳು. ಅವಳ ಹಸುವಿಗೂ ಹಿಂದಿನ ವಾರ ಡಾಕ್ಟರು ಇಂಜೆಕ್ಷನ್ ಕೊಟ್ಟಿದ್ದರು, ಸಂಘದ ಪುಸ್ತಕದಲ್ಲಿ ಬರೆಸಿದ್ದಳು, ಐದು ದಿನ ಹಾಲು ಚೆಲ್ಲಿ ಆರನೇ ದಿನ ಬಂದಿದ್ದಳು.

ಮಧ್ಯಾಹ್ನ, ಊರೂರಿನ ಹಾಲು ಹೋಗಿ ಸೇರುವ ಶೀತಲ ಕೇಂದ್ರದಿಂದ ಸೂಪರ್‌ವೈಸರ್ ಮಧುಕುಮಾರ್ ಬೈಕಿನಲ್ಲಿ ಬಂದ. ಯಾವಾಗಲೂ ಹಲ್ಲು ಕಿರಿಯುವ ಹುಡುಗ, ಆ ದಿನ ಹೆಲ್ಮೆಟ್ಟೂ ತೆಗೆಯಲಿಲ್ಲ. ನಮ್ಮ ಕ್ಯಾನಿನ ಹಾಲಿನಲ್ಲಿ ಔಷಧಿ ಸಿಕ್ಕಿದೆ, ಗೊತ್ತಾಗುವ ಹೊತ್ತಿಗೆ ಅದು ದೊಡ್ಡ ಟ್ಯಾಂಕಿಗೆ ಬಿದ್ದಾಗಿತ್ತು, ಹನ್ನೊಂದು ಊರಿನ ಹಾಲು ಚರಂಡಿಗೆ ಹೋಯಿತು ಅಂದ. ಯಾರದು ಅಂತ ಪತ್ತೆ ಮಾಡಿ, ಅವರ ಹಾಲು ನಿಲ್ಲಿಸಿ, ನಡವಳಿ ಪುಸ್ತಕದಲ್ಲಿ ಬರೆದು ತೋರಿಸಬೇಕು. “ಮಂಗಳವಾರದೊಳಗೆ ಆಗ್ಲಿಲ್ಲ ಅಂದ್ರೆ ಲಾರಿ ನಿಮ್ಮೂರಲ್ಲಿ ನಿಲ್ಲಲ್ಲಕ್ಕ. ನನ್ ಕೈಲಿಲ್ಲ.”

ಹೊತ್ತು ಮುಳುಗುವುದರೊಳಗೆ ಊರೆಲ್ಲ ಒಂದೇ ಹೆಸರು. ಇಂಜೆಕ್ಷನ್ ಆದದ್ದು ಪುಸ್ತಕದಲ್ಲೇ ಇದೆ, ಹಾಲು ಶುರು ಮಾಡಿದ ದಿನವೇ ಕೆಟ್ಟಿದೆ, ಇನ್ನೇನು ಬೇಕು? ನಿಯಮ ಪಾಲಿಸಿ ಬರೆಸಿದವಳು ಕಳ್ಳಿಯಾದಳು, ಬರೆಸದವನು ಜಗಲಿ ನಡುವೆ ಕೂತ. ಈಗ ಅವಳ ಹಾಲು ಪರೀಕ್ಷೆ ಮಾಡಿದರೂ ಉಪಯೋಗವಿಲ್ಲ. ಚೆನ್ನಾಗಿದ್ದರೆ ಇವತ್ತು ಚೆನ್ನಾಗಿದೆ ಅನ್ನುತ್ತಾರೆ. ಮಹ್ವಿಶ್ ನನ್ನ ಹತ್ತಿರ ಬಂದು, “ಅಕ್ಕ, ನೀವೇ ತಾನೆ ದಿನ ಎಣಿಸಿ ಹಾಕಿಸ್ಕೊಂಡಿದ್ದು. ಒಂದು ಮಾತು ಹೇಳಿ” ಅಂದಳು. ನೋಡೋಣ ಬಿಡು ಅಂದೆ. ಈ ಮಾತು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯ.

ಭಾನುವಾರ ಡೇರಿಯಲ್ಲಿ ಮೀಟಿಂಗು. ಹೆಂಗಸರೆಲ್ಲ ಬಂದಿದ್ದರು, ಗಂಡಸರು ಕಿಟಕಿ ಬಾಗಿಲು ತುಂಬಿದ್ದರು. ಸರಸಕ್ಕ ಎದ್ದು ನಿಂತು ಒಂದೇ ಮಾತು ಕೇಳಿದಳು. “ಯಾರಾದ್ರೂ ಕಣ್ಣಲ್ಲಿ ನೋಡಿರೋರು ಇದ್ರೆ ಹೇಳ್ಬುಡಿ. ಅವ್ರಿಗೆ ಏನೂ ಆಗದಂಗೆ ನಾನ್ ನೋಡ್ಕತೀನಿ.” ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ನನ್ನ ಮುಖ ಮಾತ್ರ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಸೆರಗನ್ನು ಮೂರು ಸಲ ಸರಿಮಾಡಿಕೊಂಡೆ.

ಬಾಗಿಲಿನಿಂದ ವೆಂಕಟಯ್ಯ ಗಂಟಲು ಸರಿಮಾಡಿಕೊಂಡ.

“ಮನುಷ್ಯರು ನೋಡ್ದಿದ್ರೆ ಏನಾಯ್ತು, ದೇವ್ರು ನೋಡವ್ನಲ್ಲ. ನಾಳೆ ಸೋಮವಾರ. ಹೂವ ಕೇಳುವ.”

ಹೊರಗಿನವರಿಗೆ ಇದನ್ನು ಹೇಳಬೇಕು. ನಮ್ಮ ಬೋರೇದೇವರ ಎರಡು ಭುಜದ ಮೇಲೂ ನೀರಲ್ಲಿ ಅದ್ದಿದ ಕಣಗಿಲೆ ಹೂವನ್ನು ಪೂಜಾರಿ ಅಂಟಿಸುತ್ತಾನೆ. ಒಬ್ಬರು ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ಹೊಸಿಲ ಮುಂದೆ ನಿಂತು, ಮನಸ್ಸಿನಲ್ಲಿ ಪ್ರಶ್ನೆ ಇಡುತ್ತಾರೆ. ಬಲಗಡೆ ಹೂವು ಬಿದ್ದರೆ ಹೌದು, ಎಡಗಡೆ ಬಿದ್ದರೆ ಅಲ್ಲ. ಹೂವು ಬೀಳುವುದು ನಿಂತವರ ಮನಸ್ಸಿನ ಮಾತಿಗೆ, ನೋಡುವವರ ಬಾಯಿಮಾತಿಗಲ್ಲ. ನಮ್ಮ ತಾತನ ಕಾಲದಲ್ಲಿ ಒಬ್ಬ ಬಾವಿ ತೋಡಬಹುದೇ ಅಂತ ಊರ ಪರವಾಗಿ ಕೇಳಲು ನಿಂತವನು, ನಿಂತ ಮೇಲೆ ಮರೆತು ತನ್ನ ಮದುವೆ ನೆನೆಸಿಕೊಂಡನಂತೆ. ಬಲಗಡೆ ಆಯಿತು. ಬಾವಿಯಲ್ಲಿ ಬಂಡೆ ಸಿಕ್ಕಿತು, ಅವನಿಗೆ ಹೆಣ್ಣು ಸಿಕ್ಕಿತು. ಇವತ್ತಿಗೂ ಆ ಗುಂಡಿಯನ್ನು ಮದುವೆ ಬಾವಿ ಅನ್ನುತ್ತೇವೆ.

ಸರಸಕ್ಕ ಬೇಡ ಅಂದಳು. “ಒಬ್ರುನ್ನ ಆಚಿಗಾಕೋ ಕೆಲ್ಸಕ್ಕೆ ದೇವ್ರ ಕೈ ಯಾಕೆ?”

ವೆಂಕಟಯ್ಯ ನಕ್ಕ. “ದಿನಾ ಹೊಸ್ಲು ಮುಂದೆ ನಿಂತು ಮಾತಾಡೋಳು ನೀನು. ನೀನೇ ನಂಬ್ದಿದ್ರೆ ಹೆಂಗವ್ವ?”

ಹೆಂಗಸರೂ ಹೌದೌದು ಅಂದರು. ಅವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ, ಲಾರಿ ನಿಲ್ಲಬೇಕಿತ್ತು ಅಷ್ಟೆ. ಐವತ್ತಕ್ಕೂ ಹೆಚ್ಚು ಮನೆಯ ಒಲೆ ಆ ಲಾರಿಯ ಹಿಂದಿದೆ. ಸರಸಕ್ಕ ಕೊನೆಗೆ, “ಆಯ್ತು. ನಿಂತ್ಕೊಳೋಳು ನಾನು” ಅಂದಳು.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ವೆಂಕಟಯ್ಯ ನಮ್ಮನ್ನು ಊರಲ್ಲಿ ನೆಟ್ಟಗೆ ಬಾಳಲು ಬಿಡುವುದಿಲ್ಲ. ಹೇಳದಿದ್ದರೆ ಮಹ್ವಿಶ್ ಹಸು ಮಾರಬೇಕು. ಔಷಧಿ ಹಾಲು ಹಾಕಿದವಳು ಅಂತ ಹೆಸರು ಬಿದ್ದರೆ ಸುತ್ತಿನ ಯಾವ ಡೇರಿಯೂ ಸೇರಿಸುವುದಿಲ್ಲ. ಎರಡನ್ನೂ ತೂಗಿ ತೂಗಿ ಬೆಳಗು ಮಾಡಿದೆ.

ಸೋಮವಾರ ಹತ್ತು ಗಂಟೆಗೆ ಗುಡಿ ಮುಂದೆ ಜಾತ್ರೆಯಷ್ಟು ಜನ, ಜಾತ್ರೆಯ ಗಲಾಟೆ ಮಾತ್ರ ಇಲ್ಲ. ಮಹ್ವಿಶ್ ಹೊಂಗೆಮರದ ಕೆಳಗೆ ನಿಂತಿದ್ದಳು, ಪಕ್ಕದಲ್ಲಿ ತೌಹೀದ್. ಅವರಿಬ್ಬರ ಸುತ್ತ ನಾಲ್ಕು ಮಾರು ಜಾಗ ಖಾಲಿ ಇತ್ತು. ನಾನು ಸೆಕ್ರೆಟರಿ, ನಡವಳಿ ಪುಸ್ತಕ ಹಿಡಿದು ಮುಂದೆಯೇ ನಿಲ್ಲಬೇಕಾಯಿತು. ಪೂಜಾರಿ ಬೋರಲಿಂಗಯ್ಯ ಸರಸಕ್ಕನ ತಮ್ಮ, ಅಂಜುಬುರುಕ. ಹೂವು ಅಂಟಿಸುವಾಗ ಒಂದು ಕೆಳಗೆ ಬಿತ್ತು, ಮತ್ತೆ ಅದ್ದಿ ಇಟ್ಟ. ಸರಸಕ್ಕ ನಲ್ಲಿ ಕೆಳಗೆ ಕೂತು ನೀರು ಹುಯ್ದುಕೊಂಡು ಬಂದಳು. ಸೀರೆಯಿಂದ ನೀರು ಇಳಿದು ಕಲ್ಲಿನ ಮೇಲೆ ಹರಿಯುತ್ತಿತ್ತು. ಕೈ ಮುಗಿದು ಹೊಸಿಲ ಮುಂದೆ ನಿಂತಳು.

ವೆಂಕಟಯ್ಯ ಎಲ್ಲರಿಗೂ ಕೇಳುವ ಹಾಗೆ ಕೂಗಿದ. “ಬೋರೇದೇವ್ರೇ, ಆ ಹೆಂಗ್ಸು ತಪ್ ಮಾಡಿದ್ರೆ ಬಲಗಡೆ ಕೊಡಪ್ಪ. ಮಾಡ್ದಿದ್ರೆ ಎಡಗಡೆ ಕೊಡು.”

ಸರಸಕ್ಕ ಕಣ್ಣು ಮುಚ್ಚಿದಳು.

ಹೂವು ಬೀಳಲಿಲ್ಲ. ಐದು ನಿಮಿಷವಾಯಿತು. ಯಾರೋ ಕೆಮ್ಮಿದರು, ಯಾರೋ ಹುಶ್ ಅಂದರು. ಬಲಭುಜದ ಹೂವು ಒಂಚೂರು ಜಾರಿ ನಿಂತಿತು. ಎಡಭುಜದ್ದೂ ಸಡಿಲವಾದ ಹಾಗೆ ಕಂಡಿತು. ಎಣ್ಣೆ ದೀಪದ ಬೆಳಕಲ್ಲಿ ಕಣ್ಣು ನೆಟ್ಟು ನೋಡಿ ನೋಡಿ ಎರಡೂ ಅಲುಗಾಡುತ್ತಿವೆ ಅನ್ನಿಸತೊಡಗಿತು. ಆಗಲೂ ನಾನು ಬೇಡಿಕೊಂಡದ್ದು ನನಗೆ ಬಾಯಿ ಬರಲಿ ಅಂತಲ್ಲ, ಎಡಕ್ಕೆ ಬೀಳಲಿ ಅಂತ. ಎಡಕ್ಕೆ ಬಿದ್ದರೆ ಮಹ್ವಿಶ್ ಉಳಿಯುತ್ತಾಳೆ, ನಾನೂ ಹೇಳಬೇಕಾಗಿಲ್ಲ. ದೇವರ ಕೈಲೂ ನನ್ನ ಹೇಡಿತನದ ಕೆಲಸ ಮಾಡಿಸಲು ನೋಡಿದೆ.

ಹತ್ತು ನಿಮಿಷ ದಾಟಿತು. ಸರಸಕ್ಕ ಚಳಿಗೆ ನಡುಗುತ್ತಿದ್ದಳು. ಒಂದು ಹೂವು ಕಳಚಿ ಕಲ್ಲಿನ ಮೇಲೆ ಬಿತ್ತು.

ನಮ್ಮ ಎಡಕ್ಕೆ.

“ಎಡಗಡೆ!” ಹೆಂಗಸರು ಒಟ್ಟಿಗೇ ಉಸಿರು ಬಿಟ್ಟರು. ಮಹ್ವಿಶ್ ಮುಖ ಮುಚ್ಚಿಕೊಂಡಳು.

ವೆಂಕಟಯ್ಯ ಕೈ ಎತ್ತಿದ. “ತಡೀರಿ. ಎಡ ನಮ್ಗೆ. ದೇವ್ರು ನಮ್ ಕಡಿಕೆ ಮುಖ ಮಾಡ್ಕಂಡವ್ನೆ. ಅವನಿಗದು ಬಲ.”

ಜನ ಮುಖ ಮುಖ ನೋಡಿಕೊಂಡರು. ಈಚೆಗೆ ಹೂವು ಕೇಳುವವರೇ ಕಡಿಮೆ. ಯಾವ ಬಲ ಅನ್ನುವುದು ಅರ್ಧ ಊರಿಗೆ ಮರೆತಿತ್ತು. ಬೋರಲಿಂಗಯ್ಯ ತಬ್ಬಿಬ್ಬಾಗಿ ಗರ್ಭಗುಡಿಯಿಂದ ಹೊರಗೆ ನೋಡಿದ. “ಅಕ್ಕ, ಅಪ್ಪ ಯಾವ್ ಕಡೆ ಹೇಳ್ತಿದ್ದ?”

ಅವಳು ನಮ್ಮ ಎಡವೇ ಎಡ ಅಂದಿದ್ದರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಪೂಜಾರಿಯ ಮಗಳ ಮಾತಿಗೆ ಎದುರಿಲ್ಲ. ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಅನ್ನಕ್ಕ, ಅಂದುಬಿಡು ಅಂತ ನಾನು ಮನಸ್ಸಲ್ಲೇ ಕಿರುಚಿದೆ.

ಸರಸಕ್ಕ ಕಣ್ಣು ಬಿಟ್ಟಳು. “ದೇವ್ರ ಬಲಾನೇ ಬಲ. ಬಲಗಡೆ ಆಗೈತೆ.”

ಗದ್ದಲ ಎದ್ದಿತು. ಮಹ್ವಿಶ್ ಅಲ್ಲೇ ಮರದ ಬುಡದಲ್ಲಿ ಕುಸಿದು ಕೂತಳು. ತೌಹೀದ್ ಅವಳ ತೋಳು ಹಿಡಿದು ಎಬ್ಬಿಸಲು ನೋಡುತ್ತಿದ್ದ. ವೆಂಕಟಯ್ಯ ನನ್ನ ಕಡೆ ತಿರುಗಿ, “ಬರ್ಕೊಳಮ್ಮಿ ಪುಸ್ತಕದಲ್ಲಿ” ಅಂದ.

“ಇರು” ಅಂದಳು ಸರಸಕ್ಕ. ಮೊದಲ ಬಾರಿಗೆ ಬೆನ್ನನ್ನು ದೇವರ ಕಡೆ ಮಾಡಿ, ಹೊಸಿಲಿಗೆ ಒರಗಿ, ನಮ್ಮ ಕಡೆ ತಿರುಗಿ ನಿಂತಳು. “ಹೂವು ಯಾರ್ ಮಾತಿಗೆ ಬೀಳದು?”

“ನಿಂತೋರ ಮಾತಿಗೆ” ಅಂದಿತು ಒಂದು ಮುದಿ ದನಿ.

“ನಿಂತಿದ್ದೋಳು ನಾನು. ಎಂಕಟಯ್ಯ ಕೂಗಿದ್ನ ನಾನ್ ದೇವ್ರುನ್ನ ಕೇಳ್ನೇ ಇಲ್ಲ. ಮಹ್ವಿಶ್ ಮಾತು ಇವತ್ತು ದೇವ್ರ ಮುಂದೆ ಬಂದೇ ಇಲ್ಲ.” ಹಲ್ಲು ಕಟಕಟ ಅನ್ನುತ್ತಿದ್ದವು, ಮಾತು ಮಾತ್ರ ನಿಧಾನವಾಗಿತ್ತು. “ನಮ್ ಡೇರೀಲಿ ಒಬ್ರು ನಿಜ ಗೊತ್ತಿದ್ದೂ ಹೆದ್ರುಕೊಂಡು ಬಾಯ್ ಮುಚ್ಕೊಂಡವ್ರೆ. ಒಂಬತ್ತು ವರ್ಷ ನಾನ್ ಮುಂದೆ ನಿಂತಿದ್ರೂವೆ, ಅವ್ರಿಗೆ ನನ್ ತಾವ ಬಂದು ಹೇಳೋ ಧೈರ್ಯ ಬಂದಿಲ್ಲ ಅಂದ್ರೆ ಅದು ನನ್ ತಪ್ಪಾ? ನನ್ ತಪ್ಪಾದ್ರೆ ಬಲಗಡೆ ಕೊಡು ಅಂತ ಕೇಳ್ದೆ. ಕೊಟ್ಟ.”

ಒದ್ದೆ ಸೆರಗು ಹಿಂಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ತಪ್ಪು ನಂದು ಅಂತ ದೇವ್ರು ಹೇಳ್ದ ಮೇಲೆ ನಾನ್ ಕುರ್ಚೀಲಿ ಕೂರಂಗಿಲ್ಲ. ಲತಾ, ಪುಸ್ತಕ ತಗಿ. ಔಷ್ದಿ ಹಾಲಿನ ತಪ್ಪು ಅಧ್ಯಕ್ಷೆದು, ಇವತ್ತಿಂದ ಸರಸಮ್ಮ ಅಧ್ಯಕ್ಷೆ ಅಲ್ಲ, ಮೆಂಬರೂ ಅಲ್ಲ. ನಾಳೆ ಮಧುಕುಮಾರ್ ಬಂದ್ರೆ ತೋರ್ಸು. ಬರಿ.”

ನಾನು ಪುಸ್ತಕ ತೆಗೆದೆ. ದಿನಾಂಕ ಹಾಕಿದೆ. ‘ಅಧ್ಯಕ್ಷರಾದ’ ಅಂತ ಬರೆದೆ. ಮುಂದಕ್ಕೆ ಪೆನ್ನು ಹೋಗಲಿಲ್ಲ. ವೆಂಕಟಯ್ಯನ ಉಸಿರು ನನ್ನ ಕಿವಿಯ ಹತ್ತಿರವೇ ಕೇಳುತ್ತಿತ್ತು. ಅವನಿಗೆ ಇದೂ ಆಗಬಹುದಿತ್ತು, ಇನ್ನೂ ಒಳ್ಳೆಯದೇ ಆಯಿತು ಅಂದುಕೊಂಡಿರಬೇಕು. ನಾನು ತಲೆಯೆತ್ತಿ ಸರಸಕ್ಕನನ್ನು ನೋಡಿದೆ. ನಾಲ್ಕು ದಿನದಲ್ಲಿ ಮೊದಲ ಸಲ ಅವಳೂ ನನ್ನ ಮುಖ ನೋಡಿದಳು. ಕೋಪವಿರಲಿಲ್ಲ. ಮಗು ಹೆಜ್ಜೆ ಹಾಕುತ್ತದೋ ಇಲ್ಲವೋ ಅಂತ ತಾಯಿ ಕೈ ಬಿಟ್ಟು ನೋಡುತ್ತಾಳಲ್ಲ, ಹಾಗೆ ನೋಡುತ್ತಿದ್ದಳು.

“ನಾನು ಬರೆಯಲ್ಲ” ಅಂದೆ. “ಹಾಲು ಹಾಕಿಸ್ಕೊಂಡೋಳು ನಾನು. ಔಷ್ದಿ ಅಂತ ಗೊತ್ತಿದ್ದೇ ಹಾಕಿಸ್ಕೊಂಡೆ. ಏಳನೇ ನಂಬರು.”

“ಏನಮ್ಮಿ ಬಾಯ್ಗ್ ಬಂದಂಗೆ ಬೊಗುಳ್ತೀಯ?” ವೆಂಕಟಯ್ಯ ಮೇಲೆ ಬಿದ್ದ ಹಾಗೆ ಬಂದ. “ಸಾಕ್ಷಿ ಏನೈತೆ?”

ಸಾಕ್ಷಿ ನನ್ನ ಹತ್ತಿರ ಏನೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬಳು ಎದ್ದಳು. ಅಂಕಮ್ಮ. ಸಂಘ ಶುರುವಾದಾಗಿನಿಂದ ಸದಸ್ಯೆ, ಮೀಟಿಂಗಿನಲ್ಲಿ ಅವಳ ದನಿ ನಾನು ಯಾವತ್ತೂ ಕೇಳಿರಲಿಲ್ಲ. “ಟ್ಯೂಬು ಮನೇಲೈತೆ. ಸೂರಲ್ಲಿ ಸಿಗ್ಸವ್ರೆ” ಅಂದಳು. ಗಂಡನ ಮುಖ ನೋಡದೆ ಮತ್ತೆ ಕೂತಳು.

ಆಮೇಲೆ ಆದದ್ದನ್ನು ಉದ್ದಕ್ಕೆ ಹೇಳುವುದಿಲ್ಲ. ವೆಂಕಟಯ್ಯ ಟವಲ್ ಕೊಡವಿಕೊಂಡು ಹೋದ. ನಡವಳಿ ಪುಸ್ತಕದಲ್ಲಿ ನಾನೇ ಬರೆದೆ: ಏಳನೇ ನಂಬರಿನ ಹಾಲು ಆರು ತಿಂಗಳು ಬಂದ್, ಸೆಕ್ರೆಟರಿ ಲತಾಮಣಿ ಮೂರು ತಿಂಗಳು ಮಿಷನ್ ಮುಟ್ಟುವ ಹಾಗಿಲ್ಲ. ಮಹ್ವಿಶ್ ಮರದ ಕೆಳಗಿಂದ ಎದ್ದು ಬಂದು ಸರಸಕ್ಕನ ಒದ್ದೆ ಭುಜಕ್ಕೆ ತನ್ನ ದುಪಟ್ಟಾ ಹೊದಿಸಿದಳು. ನನ್ನನ್ನು ಮಾತಾಡಿಸಲಿಲ್ಲ. ಇವತ್ತಿಗೂ ಬೇಕಾದಷ್ಟೇ ಮಾತಾಡುತ್ತಾಳೆ, ಅದು ನ್ಯಾಯವೇ. ಸರಸಕ್ಕ ಕುರ್ಚಿ ಬಿಡುತ್ತೇನೆ ಅಂತ ಹಟ ಹಿಡಿದಳು. ದೇವರು ತಪ್ಪು ಅಂದಿದ್ದಾನೆ, ಇಳಿ ಅಂದಿಲ್ಲವಲ್ಲ ಅಂತ ಹೆಂಗಸರು ಸುತ್ತ ಕೂತು ಒಪ್ಪಿಸುವಷ್ಟರಲ್ಲಿ ಸಂಜೆ ಹಾಲಿನ ಹೊತ್ತಾಗಿತ್ತು.

ಮಂಗಳವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಅವಳು ಹೊಸಿಲ ಮುಂದೆ ನಿಂತಿದ್ದಳು. ನಾನು ಡೇರಿ ಬಾಗಿಲಿಗೆ ಹೋಗದೆ ಅವಳ ಹಿಂದೆ ಹೋಗಿ ನಿಂತೆ.

“ನಿಂಗೆ ಗೊತ್ತಿತ್ತಾ ಅಕ್ಕ?”

“ಹ್ಞೂ.”

“ಯಾರ್ ಹೇಳುದ್ರು?”

“ನೀನೇ. ಶುಕ್ರವಾರ ಸಾಲಲ್ಲಿ ನಿಂತಿದ್ನಲ್ಲ. ಆರು ಕೂಗ್ದೆ, ಎಂಟು ಕೂಗ್ದೆ. ಏಳು ಕೂಗ್ನಿಲ್ಲ.”

ನಾಲ್ಕು ದಿನ ಊರು ಹೊತ್ತಿ ಉರಿಯುವಾಗ ಇವಳ ಹತ್ತಿರ ನನ್ನ ಹೆಸರಿತ್ತು. “ಮೊದ್ಲೇ ನನ್ ಹೆಸ್ರು ಹೇಳ್ಬುಡದಲ್ವಾ?”

“ಹೇಳಣ ಅಂತ್ಲೇ ಇಲ್ ಬಂದು ನಿಂತೆ, ಮೂರು ದಿನಾನೂ. ದೇವ್ರ ಮಗ್ಲಿಂದ ನೋಡುದ್ರೆ ನೀನೂ ಹೆದ್ರುಕೊಂಡಿರೋಳೇ. ಹೆದ್ರುಕೊಂಡಿರೋರ್ನ ಹಿಡ್ಕೊಡದು ಎಂಕಟಯ್ಯನ ಕೆಲ್ಸ, ನಂದಲ್ಲ.” ಹೊಂಗೆಮರದ ಕಡೆ ನೋಡಿ, “ಆದ್ರೆ ಆ ಹುಡ್ಗಿ ಮೂರು ದಿನ ಅತ್ತುದ್ದು ನನ್ ಲೆಕ್ಕಕ್ಕೇ. ಇನ್ನೂ ಒಪ್ಪುಸ್ತಾನೇ ಇವ್ನಿ” ಅಂದಳು.

“ದೇವ್ರ ಎಡಕ್ಕೆ ಬಿದ್ದಿದ್ರೆ ಏನ್ ಮಾಡ್ತಿದ್ದೆ?”

“ಅವನಿಗೆ ಬಯ್ತಿದ್ದೆ.”

“ದೇವ್ರಿಗಾ?”

“ಹತ್ರದೋರ್ನ ತಾನೆ ಬಯ್ಯಕ್ಕಾಗದು” ಅಂದು, ಸೊಂಟದಿಂದ ಬೀಗದಕೈ ತೆಗೆದಳು. ಕೊಡಲಿಲ್ಲ. ಪಕ್ಕಕ್ಕೆ ಸರಿದು, ತಾನು ನಿಲ್ಲುವ ಜಾಗ ತೋರಿಸಿದಳು. ಅವಳ ಕಾಲಡಿಯ ಕಲ್ಲು ಅಷ್ಟಗಲ ಸವೆದು ನುಣ್ಣಗಾಗಿತ್ತು. “ಲಾರಿ ಬರೋದ್ರೊಳಗೆ ಮುಗ್ಸು.”

ನಾನು ಹೋಗಿ ನಿಂತೆ. ಒಳಗೆ ಕತ್ತಲೆ, ದೀಪ ಒಂದೇ. ಏನು ಬೇಡಿಕೊಳ್ಳಬೇಕು ಅಂತ ನಿಂತವಳಿಗೆ, ಇದು ಬೇಡುವ ಜಾಗ ಅಲ್ಲ ಅಂತ ನೆನಪಾಯಿತು. ಬಾಯಿ ತೆರೆದೆ. ಗಂಟಲಲ್ಲಿ ಸಿಕ್ಕಿಕೊಂಡಿತು. ಊರಿಗೆ ಕೇಳುವ ಗಂಟಲು ಅಂತ ಹೆಸರಿದ್ದವಳು, ಪಕ್ಕದಲ್ಲಿದ್ದ ಸರಸಕ್ಕನಿಗೂ ಕೇಳದ ಹಾಗೆ ಹೇಳಿದೆ.

“ಏಳು” ಅಂದೆ.